ಒಂದು ಪ್ರಾಜೆಕ್ಟ್‌ಗೆ ಒಂದು ಪೈಥಾನ್: ವರ್ಷನ್, ವರ್ಚುವಲ್ ಎನ್ವಿರಾನ್‌ಮೆಂಟ್ ಹೊಂದಿಸುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಕಳೆದ ವಾರದವರೆಗೂ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಂ ಇವತ್ತು ಇದ್ದಕ್ಕಿದ್ದಂತೆ ಎರರ್ ತೋರಿಸುತ್ತದೆ. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ. ನಡುವೆ ಬೇರೊಂದು ಕೋರ್ಸ್‌ಗಾಗಿ ಹೊಸ ಲೈಬ್ರರಿಯೊಂದನ್ನು ಇನ್‌ಸ್ಟಾಲ್ ಮಾಡಿದ್ದಷ್ಟೇ. ನಾಳೆ ಬೆಳಿಗ್ಗೆ ಪ್ರಾಜೆಕ್ಟ್ ಡೆಮೊ ಇದೆ, ಇವತ್ತು ರಾತ್ರಿಯೆಲ್ಲ ಎರರ್ ಹುಡುಕುವುದೇ ಕೆಲಸ.

ಪೈಥಾನ್ ಕಲಿಯುವ ವಿದ್ಯಾರ್ಥಿಗಳು, ಐಟಿ ಕೆಲಸಕ್ಕೆ ಸೇರಿದ ಹೊಸಬರು, ಡೇಟಾ ಅನಾಲಿಸಿಸ್‌ಗೆ ಹೊರಳಿದ ಬ್ಯಾಂಕ್ ಹಾಗೂ ಅಕೌಂಟ್ಸ್ ಸಿಬ್ಬಂದಿ ಹೀಗೆ ಬಹುತೇಕ ಎಲ್ಲರೂ ಒಮ್ಮೆಯಾದರೂ ಈ ತೊಂದರೆಗೆ ಸಿಲುಕುತ್ತಾರೆ. ಕೆಲವರು ಇದನ್ನು ಸರಿಪಡಿಸಲು ಹೋಗಿ ಇಡೀ ಆಪರೇಟಿಂಗ್ ಸಿಸ್ಟಂ ಅನ್ನೇ ಕೆಡಿಸಿಕೊಳ್ಳುವುದೂ ಉಂಟು.

ಇದಕ್ಕೆ ಪರಿಹಾರ ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ಪ್ರತಿ ಪ್ರಾಜೆಕ್ಟ್‌ಗೂ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳುವುದು, ಕಂಪ್ಯೂಟರ್‌ನ ಸ್ವಂತ ಪೈಥಾನ್ ಅನ್ನು ಮುಟ್ಟದಿರುವುದು. ಇವೆರಡನ್ನು ಪಾಲಿಸಿದರೆ ಅರ್ಧಕ್ಕಿಂತ ಹೆಚ್ಚು ತಲೆನೋವು ಹತ್ತಿರವೂ ಸುಳಿಯುವುದಿಲ್ಲ. ಅದನ್ನು ಮಾಡುವುದು ಹೇಗೆ, ಯಾಕೆ ಮಾಡಬೇಕು ಎಂಬ ವಿವರ ಇಲ್ಲಿದೆ.

ಗಮನಿಸಿ: ಓದಲು ಅನುಕೂಲವಾಗಲೆಂದು ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಕೊಡಲಾಗಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಚುಕ್ಕಿ, ಅಡ್ಡಗೆರೆ, ಖಾಲಿ ಜಾಗ ಇದ್ದಲ್ಲಿ ಹಾಗೆಯೇ ಇರಬೇಕು.

ಮೊದಲು ಮೂರು ಪದ ತಿಳಿದುಕೊಳ್ಳಿ

ಇಂಟರ್‌ಪ್ರಿಟರ್: ನೀವು ಬರೆದ ಕೋಡ್ ಅನ್ನು ಓದಿ ಓಡಿಸುವ ಪ್ರೋಗ್ರಾಂ ಇದು. 'ಪೈಥಾನ್ ಇನ್‌ಸ್ಟಾಲ್ ಮಾಡಿದೆ' ಎಂದರೆ ಇಂಟರ್‌ಪ್ರಿಟರ್ ಇನ್‌ಸ್ಟಾಲ್ ಮಾಡಿದೆ ಎಂದೇ ಅರ್ಥ. 3.11, 3.12, 3.13 ಎಂಬುವು ಅದರ ವರ್ಷನ್‌ಗಳು. ಒಂದೇ ಕಂಪ್ಯೂಟರ್‌ನಲ್ಲಿ ಇವೆಲ್ಲವೂ ಜಗಳವಿಲ್ಲದೆ ಒಟ್ಟಿಗೆ ಇರಬಲ್ಲವು.

ಪ್ಯಾಕೇಜ್ ಮತ್ತು ಪಿಪ್: ಪಾಂಡಾಸ್, ನಂಪೈ, ಜ್ಯಾಂಗೋ ಮುಂತಾದ, ಬೇರೆಯವರು ಬರೆದು ಹಂಚಿದ ಕೋಡ್‌ಗೆ ಪ್ಯಾಕೇಜ್ ಎನ್ನುತ್ತಾರೆ. ಪೈಪಿಐ ಎಂಬ ಸಾರ್ವಜನಿಕ ಭಂಡಾರದಲ್ಲಿ ಇಂಥ 5 ಲಕ್ಷಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳಿವೆ. ಅಲ್ಲಿಂದ ತಂದು ನಿಮ್ಮ ಕಂಪ್ಯೂಟರ್‌ಗೆ ಹಾಕುವ ಸಾಧನವೇ ಪಿಪ್.

ವರ್ಚುವಲ್ ಎನ್ವಿರಾನ್‌ಮೆಂಟ್: ಒಂದು ಪ್ರಾಜೆಕ್ಟ್‌ಗೆ ಬೇಕಾದ ಪ್ಯಾಕೇಜ್‌ಗಳನ್ನಷ್ಟೇ ಇಡುವ ಪ್ರತ್ಯೇಕ ಫೋಲ್ಡರ್. ಹೆಸರು ದೊಡ್ಡದಾದರೂ ಇದು ನಿಜಕ್ಕೂ ಒಂದು ಫೋಲ್ಡರ್ ಮಾತ್ರ. ಬೇಡವಾದಾಗ ಅಳಿಸಿದರೆ ಮುಗಿಯಿತು.

ಯಾಕೆ ಪ್ರತ್ಯೇಕ ಇಡಬೇಕು? ಪೈಥಾನ್ ತನ್ನ ಪ್ಯಾಕೇಜ್‌ಗಳನ್ನು 'ಸೈಟ್-ಪ್ಯಾಕೇಜಸ್' ಎಂಬ ಫೋಲ್ಡರ್‌ನಲ್ಲಿ ಇಡುತ್ತದೆ. ಅಲ್ಲಿ ಒಂದು ಪ್ಯಾಕೇಜ್‌ನ ಒಂದೇ ವರ್ಷನ್‌ಗೆ ಜಾಗ. ಹೊಸದನ್ನು ಹಾಕಿದರೆ ಹಳೆಯದು ಹೋಗುತ್ತದೆ. ಊಟದ ಕ್ಯಾರಿಯರ್‌ನಲ್ಲಿ ಸಾರಿಗೊಂದು, ಮೊಸರನ್ನಕ್ಕೊಂದು, ಪಾಯಸಕ್ಕೊಂದು ಡಬ್ಬಿ ಇರುವಂತೆ ಪ್ರಾಜೆಕ್ಟ್‌ಗೊಂದು ಡಬ್ಬಿ ಇದ್ದರೆ ಒಂದರ ರುಚಿ ಇನ್ನೊಂದನ್ನು ಕೆಡಿಸುವುದಿಲ್ಲ.

2024ರ ಜೂನ್‌ನಲ್ಲಿ ನಂಪೈ 2.0 ಬಂದಾಗ ಆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ 1 ಸರಣಿಗೆ ಹೊಂದಿಕೊಂಡು ಸಿದ್ಧವಾಗಿದ್ದ ಹಲವು ಲೈಬ್ರರಿಗಳು ಹೊಸದರೊಂದಿಗೆ ಕೆಲಸ ಮಾಡಲಿಲ್ಲ. ಎಲ್ಲವನ್ನೂ ಒಂದೇ ಕಡೆ ತುಂಬಿಕೊಂಡವರಿಗೆ, ಒಂದು ಪ್ರಾಜೆಕ್ಟ್‌ಗೆಂದು ನಂಪೈ ಅಪ್‌ಡೇಟ್ ಮಾಡಿದ ಕೂಡಲೇ ಉಳಿದ ಪ್ರಾಜೆಕ್ಟ್‌ಗಳೂ ಕೈಕೊಡುವ ಅಪಾಯವಿತ್ತು. ಪ್ರತ್ಯೇಕ ಎನ್ವಿರಾನ್‌ಮೆಂಟ್ ಇದ್ದವರ ಹಳೆಯ ಪ್ರಾಜೆಕ್ಟ್‌ಗಳು ಹಳೆಯ ನಂಪೈ ಜೊತೆ ಹಾಗೆಯೇ ಓಡಿದವು.

ಇಷ್ಟೊಂದು ವರ್ಷನ್ ಯಾಕೆ?

ನೆದರ್ಲೆಂಡ್ಸ್‌ನ ಗೈಡೊ ವ್ಯಾನ್ ರೋಸಮ್ ಪೈಥಾನ್‌ನ ಮೊದಲ ಆವೃತ್ತಿಯನ್ನು 1991ರಲ್ಲಿ ಬಿಡುಗಡೆ ಮಾಡಿದರು. 2000ದಲ್ಲಿ ಪೈಥಾನ್ 2, 2008ರ ಡಿಸೆಂಬರ್‌ನಲ್ಲಿ ಪೈಥಾನ್ 3 ಬಂತು. ಮೂರನೆಯದು ಎರಡನೆಯದಕ್ಕೆ ಪೂರ್ತಿ ಹೊಂದಿಕೊಳ್ಳುವಂತಿರಲಿಲ್ಲ. ಪ್ರಿಂಟ್ ಎಂಬ ಸಾಮಾನ್ಯ ಆದೇಶ ಬರೆಯುವ ಕ್ರಮವೇ ಬದಲಾಯಿತು. ಹೀಗಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎರಡೂ ಅಕ್ಕಪಕ್ಕದಲ್ಲೇ ಬಳಕೆಯಲ್ಲಿದ್ದವು. ಕೊನೆಗೆ 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲ ನಿಂತಿತು. ಆ ಏಪ್ರಿಲ್‌ನಲ್ಲಿ ಬಂದ 2.7.18 ಅದರ ಕೊನೆಯ ಆವೃತ್ತಿ.

ಈಗ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಒಂದು ಹೊಸ ವರ್ಷನ್ ಬರುತ್ತದೆ. 3.12 ಬಂದದ್ದು 2023ರಲ್ಲಿ, 3.13 ಬಂದದ್ದು 2024ರಲ್ಲಿ, 3.14 ಬಂದದ್ದು 2025ರಲ್ಲಿ. ಪ್ರತಿ ವರ್ಷನ್‌ಗೂ ಸುಮಾರು ಐದು ವರ್ಷ ಬೆಂಬಲ ಸಿಗುತ್ತದೆ. ಆರಂಭದ ಅವಧಿಯಲ್ಲಿ ಎಲ್ಲ ದೋಷಗಳಿಗೂ ಪರಿಹಾರ ಬಂದರೆ, ನಂತರದ ವರ್ಷಗಳಲ್ಲಿ ಭದ್ರತಾ ದೋಷಗಳಿಗೆ ಮಾತ್ರ. 3.9ರ ಅವಧಿ 2025ರ ಅಕ್ಟೋಬರ್‌ಗೆ ಮುಗಿದಿದೆ. 3.10ಕ್ಕೆ 2026ರ ಅಕ್ಟೋಬರ್ ಗಡುವು.

ಇಲ್ಲಿ ಹೊಸಬರು ಎಡವುವ ಒಂದು ಸಣ್ಣ ಸಂಗತಿ ಇದೆ. 3.10 ಎಂಬುದು ದಶಮಾಂಶ ಸಂಖ್ಯೆಯಲ್ಲ. ಅದನ್ನು ಮೂರು ಪಾಯಿಂಟ್ ಹತ್ತು ಎಂದು ಓದಬೇಕು. ಹಾಗಾಗಿ ಅದು 3.9ಕ್ಕಿಂತ ಹೊಸದು, 3.1ಕ್ಕೆ ಸಮವಲ್ಲ.

ಯಾವ ವರ್ಷನ್ ಆರಿಸಬೇಕು?

ಎಲ್ಲಕ್ಕಿಂತ ಹೊಸದೇ ಒಳ್ಳೆಯದು ಎಂಬ ಭಾವನೆ ಸಹಜ. ಆದರೆ ಕೆಲಸದ ಪ್ರಾಜೆಕ್ಟ್‌ಗೆ ಒಂದು ಹೆಜ್ಜೆ ಹಿಂದಿನ ವರ್ಷನ್ ಹೆಚ್ಚು ಸುರಕ್ಷಿತ.

ಕಾರಣ ಸರಳ. ನಂಪೈ, ಪಾಂಡಾಸ್ ಥರದ ಪ್ಯಾಕೇಜ್‌ಗಳಲ್ಲಿ ಸಿ ಭಾಷೆಯಲ್ಲಿ ಬರೆದ ಭಾಗಗಳೂ ಇರುತ್ತವೆ. ಅವನ್ನು ಪ್ರತಿ ಪೈಥಾನ್ ವರ್ಷನ್‌ಗೂ ಮೊದಲೇ ಸಿದ್ಧಪಡಿಸಿ 'ವೀಲ್' ಎಂಬ ಕಡತವಾಗಿ ಪೈಪಿಐಗೆ ಹಾಕಿರುತ್ತಾರೆ. ಹೊಸ ಪೈಥಾನ್ ಬಂದ ಮೊದಲ ಕೆಲವು ವಾರ ಅಥವಾ ತಿಂಗಳು ಕೆಲವು ಪ್ಯಾಕೇಜ್‌ಗಳ ವೀಲ್ ಸಿದ್ಧವಾಗಿರುವುದಿಲ್ಲ. ಆಗ ಪಿಪ್ ಮೂಲ ಕೋಡ್ ತಂದು ನಿಮ್ಮ ಕಂಪ್ಯೂಟರ್‌ನಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ವಿಂಡೋಸ್‌ನಲ್ಲಿ 'ಮೈಕ್ರೋಸಾಫ್ಟ್ ವಿಷುವಲ್ ಸಿ++ 14.0 ಬೇಕು' ಎಂಬ ಕೆಂಪು ಸಾಲು ಕಾಣುವುದು ಬಹುತೇಕ ಇದೇ ಕಾರಣಕ್ಕೆ. ಅದನ್ನು ನೋಡಿ ಹಲವು ಜಿಬಿಯ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಮೊದಲು, ಒಂದು ವರ್ಷನ್ ಹಿಂದಿನ ಪೈಥಾನ್‌ನಲ್ಲಿ ಪ್ರಯತ್ನಿಸಿ ನೋಡುವುದು ಸುಲಭ.

ತೀರಾ ಹಳೆಯ ಕೋಡ್‌ಗೆ ಇದರ ಉಲ್ಟಾ ಸಮಸ್ಯೆ. 3.12ರಲ್ಲಿ 'ಡಿಸ್ಟ್‌ಯುಟಿಲ್ಸ್' ಎಂಬ ಹಳೆಯ ಮಾಡ್ಯೂಲ್ ಅನ್ನು ತೆಗೆದುಹಾಕಲಾಯಿತು. ಅದನ್ನು ನಂಬಿದ್ದ ಕೋಡ್ 3.11ರಲ್ಲಿ ಓಡುತ್ತದೆ, 3.12ರಲ್ಲಿ ಓಡುವುದಿಲ್ಲ. ಕಚೇರಿಯ ಹಳೆಯ ಪ್ರಾಜೆಕ್ಟ್ ಕೈಗೆ ಬಂದರೆ ಅದು ಯಾವ ವರ್ಷನ್‌ನಲ್ಲಿ ಓಡುತ್ತಿತ್ತು ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ.

ಸಿಸ್ಟಂ ಪೈಥಾನ್ ಮುಟ್ಟಬೇಡಿ

ಉಬುಂಟುವಿನಂಥ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಪೈಥಾನ್ ಮೊದಲೇ ಇರುತ್ತದೆ. 20.04ರಲ್ಲಿ 3.8, 22.04ರಲ್ಲಿ 3.10, 24.04ರಲ್ಲಿ 3.12. ಇದು ಇರುವುದು ಆಪರೇಟಿಂಗ್ ಸಿಸ್ಟಂನ ಸ್ವಂತ ಬಳಕೆಗೆ. ಸಾಫ್ಟ್‌ವೇರ್ ಅಪ್‌ಡೇಟ್ ಸೇರಿದಂತೆ ಹಲವು ಸಾಧನಗಳು ಇದನ್ನೇ ನಂಬಿ ನಿಂತಿವೆ.

'ಹಳೆಯದು ಯಾಕೆ, ತೆಗೆದು ಹೊಸದು ಹಾಕೋಣ' ಎಂದು ಪೈಥಾನ್3 ಅನ್ನು ಅನ್‌ಇನ್‌ಸ್ಟಾಲ್ ಮಾಡಿದರೆ, ಅದನ್ನು ಅವಲಂಬಿಸಿದ ಹತ್ತಾರು ಪ್ಯಾಕೇಜ್‌ಗಳೂ ಜೊತೆಗೇ ಹೋಗುತ್ತವೆ. ಡೆಸ್ಕ್‌ಟಾಪ್ ಕಾಣದೆ ಬರೀ ಕಪ್ಪು ಪರದೆ ಉಳಿಯಬಹುದು. ಸಿಸ್ಟಂನ 'ಪೈಥಾನ್3' ಎಂಬ ಹೆಸರನ್ನು ಬೇರೆ ವರ್ಷನ್‌ಗೆ ತಿರುಗಿಸಿದರೂ ಟರ್ಮಿನಲ್ ತೆರೆಯದಂಥ ವಿಚಿತ್ರ ತೊಂದರೆಗಳು ಬರುತ್ತವೆ. 'ಸುಡೊ ಪಿಪ್ ಇನ್‌ಸ್ಟಾಲ್' ಎಂಬ ಕಮಾಂಡ್ ಕೂಡ ಸಿಸ್ಟಂನ ಫೋಲ್ಡರ್‌ಗಳಲ್ಲೇ ಕೈಯಾಡಿಸುವುದರಿಂದ ಅಪಾಯಕಾರಿ.

ಈ ಕಾರಣಕ್ಕೇ 2023ರಲ್ಲಿ ಬಂದ ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಒಂದು ತಡೆ ಸೇರಿಸಲಾಗಿದೆ. ಎನ್ವಿರಾನ್‌ಮೆಂಟ್ ಇಲ್ಲದೆ ನೇರವಾಗಿ ಪಿಪ್ ಬಳಸಿದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಎಂಬ ಎರರ್ ಬರುತ್ತದೆ. ಮ್ಯಾಕ್‌ನ ಹೋಮ್‌ಬ್ರೂ ಪೈಥಾನ್‌ನಲ್ಲೂ ಇದು ಕಾಣುತ್ತದೆ. ಇದು ದೋಷವಲ್ಲ, ರಕ್ಷಣೆ. ತಡೆಯನ್ನು ದಾಟಲು '--ಬ್ರೇಕ್-ಸಿಸ್ಟಂ-ಪ್ಯಾಕೇಜಸ್' ಎಂಬ ಆಯ್ಕೆ ಇದೆ. ಸಿಸ್ಟಂ ಕೆಡಬಹುದು ಎಂಬ ಎಚ್ಚರಿಕೆ ಹೆಸರಿನಲ್ಲೇ ಇದೆ. ಯಾರಾದರೂ ಸುಲಭ ದಾರಿ ಎಂದು ಅದನ್ನು ಹೇಳಿಕೊಟ್ಟರೆ ಬಳಸದಿರುವುದೇ ಲೇಸು.

ನಿಮ್ಮ ಕಂಪ್ಯೂಟರ್‌ನಲ್ಲಿ ಏನಿದೆ? ಮೊದಲು ನೋಡಿ

ಹೊಸದನ್ನು ಹಾಕುವ ಮೊದಲು ಇರುವುದನ್ನು ಪರೀಕ್ಷಿಸಿ.

- ಲಿನಕ್ಸ್, ಮ್ಯಾಕ್: ಟರ್ಮಿನಲ್‌ನಲ್ಲಿ 'ಪೈಥಾನ್3 --ವರ್ಷನ್' ಎಂದು ಟೈಪ್ ಮಾಡಿ. ಅದು ಎಲ್ಲಿದೆ ಎಂದು ತಿಳಿಯಲು 'ವಿಚ್ ಪೈಥಾನ್3'.
- ವಿಂಡೋಸ್: ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪಿವೈ -0' ಎಂದು ಟೈಪ್ ಮಾಡಿ. ಕೊನೆಯದು ಸೊನ್ನೆ. ಇರುವ ಎಲ್ಲ ವರ್ಷನ್‌ಗಳ ಪಟ್ಟಿ ಬರುತ್ತದೆ. ಜಾಗ ತಿಳಿಯಲು 'ವೇರ್ ಪೈಥಾನ್'.

ವಿಂಡೋಸ್‌ನಲ್ಲಿ ಹೀಗೆ ಮಾಡಿ

ವಿಂಡೋಸ್ ಜೊತೆ ಪೈಥಾನ್ ಬರುವುದಿಲ್ಲ. 'ಪೈಥಾನ್' ಎಂದು ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ, ಅದು ಇನ್ನೂ ಇನ್‌ಸ್ಟಾಲ್ ಆಗಿಲ್ಲ ಅಥವಾ ದಾರಿ ಸಿಗುತ್ತಿಲ್ಲ ಎಂದರ್ಥ.

ಪೈಥಾನ್‌ನ ಅಧಿಕೃತ ತಾಣದಿಂದಲೇ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ಅದರ ಮೊದಲ ಪರದೆಯ ಕೆಳಭಾಗದಲ್ಲಿ ಪೈಥಾನ್ ಅನ್ನು 'ಪಾತ್'ಗೆ ಸೇರಿಸುವ ಚೌಕವಿರುತ್ತದೆ. ಅದಕ್ಕೆ ಟಿಕ್ ಹಾಕಿ. ಅವಸರದಲ್ಲಿ ಇದನ್ನು ಬಿಟ್ಟವರಿಗೇ 'ಪೈಥಾನ್ ಸಿಗುತ್ತಿಲ್ಲ' ಎಂಬ ಸಂದೇಶ ಹೆಚ್ಚಾಗಿ ಕಾಣುವುದು. ಪಾತ್ ಎಂದರೆ, ಒಂದು ಕಮಾಂಡ್ ಕೊಟ್ಟಾಗ ಅದರ ಪ್ರೋಗ್ರಾಂಗಾಗಿ ಕಂಪ್ಯೂಟರ್ ಹುಡುಕಾಡುವ ಫೋಲ್ಡರ್‌ಗಳ ಪಟ್ಟಿ.

ಎರಡನೇ ವರ್ಷನ್ ಬೇಕಿದ್ದರೆ ಅದರ ಇನ್‌ಸ್ಟಾಲರ್ ಅನ್ನೂ ಹಾಗೆಯೇ ಓಡಿಸಿ. ಮೊದಲಿನದನ್ನು ತೆಗೆಯುವ ಅಗತ್ಯವಿಲ್ಲ. 'ಪಿವೈ' ಎಂಬ ಲಾಂಚರ್ ಎರಡನ್ನೂ ನೋಡಿಕೊಳ್ಳುತ್ತದೆ. 'ಪಿವೈ -3.12' ಎಂದರೆ 3.12 ತೆರೆಯುತ್ತದೆ, 'ಪಿವೈ -3.13' ಎಂದರೆ 3.13. 2025ರಿಂದ 'ಪೈಥಾನ್ ಇನ್‌ಸ್ಟಾಲ್ ಮ್ಯಾನೇಜರ್' ಎಂಬ ಹೊಸ ಸಾಧನವೂ ಇದೆ. ಅದನ್ನು ಹಾಕಿಕೊಂಡರೆ 'ಪಿವೈ ಇನ್‌ಸ್ಟಾಲ್ 3.13' ಎಂಬ ಒಂದೇ ಸಾಲಿನಲ್ಲಿ ಬೇಕಾದ ವರ್ಷನ್ ಇಳಿಯುತ್ತದೆ.

ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಹೀಗೆ ಮಾಡಿ

ಮ್ಯಾಕ್‌ನಲ್ಲಿ ಹಿಂದೆ ಇರುತ್ತಿದ್ದ ಪೈಥಾನ್ 2.7 ಅನ್ನು ಆ್ಯಪಲ್ 2022ರಲ್ಲಿ ಮ್ಯಾಕ್ಓಎಸ್ 12.3ರಿಂದ ತೆಗೆದುಹಾಕಿತು. ಈಗ ಅಧಿಕೃತ ತಾಣದ ಇನ್‌ಸ್ಟಾಲರ್ ಬಳಸಬಹುದು, ಇಲ್ಲವೇ ಹೋಮ್‌ಬ್ರೂ ಇದ್ದರೆ 'ಬ್ರೂ ಇನ್‌ಸ್ಟಾಲ್ ಪೈಥಾನ್@3.12' ಎಂದು ಕೊಡಬಹುದು.

ಉಬುಂಟುವಿನಲ್ಲಿ ಸಿಸ್ಟಂ ಜೊತೆ ಬಂದ ವರ್ಷನ್ ನಿಮಗೆ ಸಾಕಿದ್ದರೆ ಹೊಸದು ಬೇಕಿಲ್ಲ. ಅದನ್ನೇ ಆಧಾರವಾಗಿಟ್ಟುಕೊಂಡು ಎನ್ವಿರಾನ್‌ಮೆಂಟ್ ಮಾಡಬಹುದು, ಇದರಿಂದ ಸಿಸ್ಟಂಗೆ ಹಾನಿಯಿಲ್ಲ. ಆದರೆ ವೆನ್ವ್ ಭಾಗವನ್ನು ಉಬುಂಟು ಪ್ರತ್ಯೇಕವಾಗಿ ಕೊಡುತ್ತದೆ. 'ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಪೈಥಾನ್3-ವೆನ್ವ್' ಎಂದು ಒಮ್ಮೆ ಹಾಕಿಕೊಳ್ಳಬೇಕು. ಇದನ್ನು ಮರೆತರೆ 'ಎನ್ಶೂರ್‌ಪಿಪ್ ಲಭ್ಯವಿಲ್ಲ' ಎಂಬ ಎರರ್ ಬರುತ್ತದೆ.

ಬೇರೆ ವರ್ಷನ್‌ಗಳೂ ಬೇಕೆಂದರೆ ಪೈಎನ್ವ್ ಎಂಬ ಸಾಧನ ಜನಪ್ರಿಯ. 'ಪೈಎನ್ವ್ ಇನ್‌ಸ್ಟಾಲ್ 3.11' ಎಂದರೆ ಆ ಪೈಥಾನ್ ನಿಮ್ಮ ಹೋಮ್ ಫೋಲ್ಡರ್‌ನೊಳಗೇ ಕೂರುತ್ತದೆ, ಸಿಸ್ಟಂನದ್ದು ಹಾಗೆಯೇ ಉಳಿಯುತ್ತದೆ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ನಿಂತು 'ಪೈಎನ್ವ್ ಲೋಕಲ್ 3.11' ಎಂದರೆ ಆ ಫೋಲ್ಡರ್‌ಗೆ ಅದೇ ವರ್ಷನ್ ನಿಗದಿಯಾಗುತ್ತದೆ. ಪೈಎನ್ವ್ ಮೂಲ ಕೋಡ್‌ನಿಂದ ಪೈಥಾನ್ ಕಂಪೈಲ್ ಮಾಡುವುದರಿಂದ ಒಂದಷ್ಟು ಸಮಯ ಹಿಡಿಯುತ್ತದೆ. ಅದಕ್ಕೆ ಬೇಕಾದ ಕಂಪೈಲರ್ ಮತ್ತು ಲೈಬ್ರರಿಗಳನ್ನು ಮೊದಲೇ ಹಾಕಿಕೊಂಡಿರಬೇಕು. ಇದು ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ಅದಕ್ಕೆ 'ಪೈಎನ್ವ್-ವಿನ್' ಎಂಬ ಬೇರೆ ಪ್ರಾಜೆಕ್ಟ್ ಇದೆ.

ವರ್ಚುವಲ್ ಎನ್ವಿರಾನ್‌ಮೆಂಟ್: ನಾಲ್ಕೇ ಹೆಜ್ಜೆ

2012ರಲ್ಲಿ ಬಂದ ಪೈಥಾನ್ 3.3ರಿಂದಲೇ ವೆನ್ವ್ ಪೈಥಾನ್ ಜೊತೆಗೆ ಬರುತ್ತದೆ. ಅದಕ್ಕೂ ಮೊದಲು 'ವರ್ಚುವಲ್‌ಎನ್ವ್' ಎಂಬ ಪ್ರತ್ಯೇಕ ಸಾಧನ ಹಾಕಿಕೊಳ್ಳಬೇಕಿತ್ತು. ವೆನ್ವ್ ಎಂಬುದರ ಅಕ್ಷರಗಳು ವಿ, ಇ, ಎನ್, ವಿ.

1. ಫೋಲ್ಡರ್‌ಗೆ ಹೋಗಿ: ಟರ್ಮಿನಲ್ ತೆರೆದು 'ಸಿಡಿ' ಕಮಾಂಡ್‌ನಿಂದ ನಿಮ್ಮ ಪ್ರಾಜೆಕ್ಟ್ ಫೋಲ್ಡರ್‌ನೊಳಗೆ ಹೋಗಿ. ಒನ್‌ಡ್ರೈವ್‌ನಂಥ ಕ್ಲೌಡ್‌ಗೆ ಸಿಂಕ್ ಆಗುವ ಫೋಲ್ಡರ್ ಬೇಡ. ಎನ್ವಿರಾನ್‌ಮೆಂಟ್‌ನಲ್ಲಿ ಸಾವಿರಾರು ಸಣ್ಣ ಕಡತಗಳಿರುತ್ತವೆ. ಅವೆಲ್ಲ ಅಪ್‌ಲೋಡ್ ಆಗುತ್ತಾ ಕಂಪ್ಯೂಟರ್ ನಿಧಾನವಾಗುತ್ತದೆ, ಡೇಟಾವೂ ಖರ್ಚಾಗುತ್ತದೆ.

2. ಎನ್ವಿರಾನ್‌ಮೆಂಟ್ ರಚಿಸಿ: ಲಿನಕ್ಸ್, ಮ್ಯಾಕ್‌ನಲ್ಲಿ 'ಪೈಥಾನ್3 -ಎಂ ವೆನ್ವ್ .ವೆನ್ವ್'. ವಿಂಡೋಸ್‌ನಲ್ಲಿ 'ಪಿವೈ -3.12 -ಎಂ ವೆನ್ವ್ .ವೆನ್ವ್'. ಕೊನೆಯ '.ವೆನ್ವ್' ಎಂಬುದು ಫೋಲ್ಡರ್ ಹೆಸರು, ಅದರ ಮುಂದಿನ ಚುಕ್ಕಿಯೂ ಹೆಸರಿನ ಭಾಗ. ಬೇರೆ ಹೆಸರನ್ನೂ ಕೊಡಬಹುದು, ಆದರೆ ಈ ಹೆಸರು ವಾಡಿಕೆಯಲ್ಲಿದೆ.

3. ಆಕ್ಟಿವೇಟ್ ಮಾಡಿ: ಲಿನಕ್ಸ್, ಮ್ಯಾಕ್‌ನಲ್ಲಿ 'ಸೋರ್ಸ್ .ವೆನ್ವ್/ಬಿನ್/ಆಕ್ಟಿವೇಟ್'. ವಿಂಡೋಸ್‌ನಲ್ಲಿ '.ವೆನ್ವ್\ಸ್ಕ್ರಿಪ್ಟ್ಸ್\ಆಕ್ಟಿವೇಟ್'. ಕಮಾಂಡ್ ಸಾಲಿನ ಆರಂಭದಲ್ಲಿ ಆವರಣದೊಳಗೆ ಎನ್ವಿರಾನ್‌ಮೆಂಟ್ ಹೆಸರು ಕಂಡರೆ ಕೆಲಸವಾಯಿತು ಎಂದರ್ಥ.

4. ಪ್ಯಾಕೇಜ್ ಹಾಕಿ: 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್'. ಬರೀ 'ಪಿಪ್' ಎನ್ನುವ ಬದಲು 'ಪೈಥಾನ್ -ಎಂ ಪಿಪ್' ಎಂದು ಬರೆಯುವುದು ಒಳ್ಳೆಯ ರೂಢಿ. ಹಲವು ಪೈಥಾನ್ ಇರುವ ಕಂಪ್ಯೂಟರ್‌ನಲ್ಲಿ ಯಾವ ಪೈಥಾನ್‌ಗೆ ಪ್ಯಾಕೇಜ್ ಹೋಗುತ್ತಿದೆ ಎಂಬ ಗೊಂದಲ ಇದರಿಂದ ಇರುವುದಿಲ್ಲ.

ಕೆಲಸ ಮುಗಿದ ಮೇಲೆ 'ಡಿಆಕ್ಟಿವೇಟ್' ಎಂದರೆ ಹೊರಬರಬಹುದು. ಹಾಕಿದ ಪ್ಯಾಕೇಜ್‌ಗಳು ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಬಾರಿ ಮೂರನೇ ಹೆಜ್ಜೆಯಿಂದ ಶುರು ಮಾಡಿದರಾಯಿತು.

ಆಕ್ಟಿವೇಟ್ ಮಾಡಿದಾಗ ಆಗುವುದೇನು?

ಇಲ್ಲಿ ಮಾಯಾಜಾಲ ಏನೂ ಇಲ್ಲ. ಆಕ್ಟಿವೇಟ್ ಮಾಡಿದಾಗ ಪಾತ್ ಪಟ್ಟಿಯ ಮೊದಲ ಸ್ಥಾನಕ್ಕೆ ನಿಮ್ಮ ಎನ್ವಿರಾನ್‌ಮೆಂಟ್ ಫೋಲ್ಡರ್ ಸೇರುತ್ತದೆ. ಹಾಗಾಗಿ 'ಪೈಥಾನ್' ಎಂದಾಗ ಮೊದಲು ಸಿಗುವುದು ಅದರೊಳಗಿನ ಪೈಥಾನ್. ಇದು ಆ ಟರ್ಮಿನಲ್ ಕಿಟಕಿಗೆ ಮಾತ್ರ ಅನ್ವಯ. ಹೊಸ ಕಿಟಕಿ ತೆರೆದರೆ ಮತ್ತೆ ಆಕ್ಟಿವೇಟ್ ಮಾಡಬೇಕು.

ಆಕ್ಟಿವೇಟ್ ಮಾಡದೆಯೂ ಪೂರ್ತಿ ದಾರಿ ಕೊಟ್ಟು '.ವೆನ್ವ್/ಬಿನ್/ಪೈಥಾನ್' ಎಂದು ಓಡಿಸಬಹುದು. ಪ್ರತಿ ರಾತ್ರಿ ತಾನಾಗಿ ಓಡಬೇಕಾದ ಕ್ರಾನ್ ಕೆಲಸಗಳಿಗೆ ಈ ವಿಧಾನವೇ ಸರಿ. ಕೈಯಲ್ಲಿ ಓಡಿಸಿದಾಗ ಸರಿಯಿದ್ದ ಸ್ಕ್ರಿಪ್ಟ್ ಕ್ರಾನ್‌ನಲ್ಲಿ 'ಮಾಡ್ಯೂಲ್ ಸಿಗಲಿಲ್ಲ' ಎಂದು ಸೋಲಲು ಸಾಮಾನ್ಯ ಕಾರಣ, ಅದು ಸಿಸ್ಟಂ ಪೈಥಾನ್‌ನಲ್ಲಿ ಓಡುತ್ತಿರುವುದು.

ಇನ್ನೊಂದು ಅಂಶ ನೆನಪಿರಲಿ. ವೆನ್ವ್ ಹೊಸ ಪೈಥಾನ್ ತರುವುದಿಲ್ಲ. ಯಾವ ಪೈಥಾನ್‌ನಿಂದ ರಚಿಸಿದಿರೋ ಅದೇ ವರ್ಷನ್ ಒಳಗೂ ಇರುತ್ತದೆ. ಮೂಲ ಪೈಥಾನ್ ಅನ್ನು ಅಳಿಸಿದರೆ ಅದರ ಮೇಲೆ ನಿಂತ ಎನ್ವಿರಾನ್‌ಮೆಂಟ್‌ಗಳೂ ನಿಲ್ಲುತ್ತವೆ. ವರ್ಷನ್ ಬದಲಿಸಬೇಕೆಂದರೆ ಹೊಸ ಎನ್ವಿರಾನ್‌ಮೆಂಟ್ ಮಾಡುವುದೇ ದಾರಿ.

ಫೋಲ್ಡರ್ ಅಲ್ಲ, ಪಟ್ಟಿ ಕಾಪಾಡಿ

ಪ್ರಾಜೆಕ್ಟ್ ಅನ್ನು ಸ್ನೇಹಿತರಿಗೆ ಕಳುಹಿಸುವಾಗ '.ವೆನ್ವ್' ಫೋಲ್ಡರ್ ಅನ್ನೂ ಜಿಪ್ ಮಾಡಿ ಕಳುಹಿಸುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಅದರೊಳಗಿನ ಕಡತಗಳಲ್ಲಿ ನಿಮ್ಮ ಕಂಪ್ಯೂಟರ್‌ನ ಪೂರ್ಣ ದಾರಿ ಬರೆದಿರುತ್ತದೆ. ಬೇರೆ ಕಂಪ್ಯೂಟರ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ. ನಿಮ್ಮದೇ ಕಂಪ್ಯೂಟರ್‌ನಲ್ಲಿ ಫೋಲ್ಡರ್‌ನ ಜಾಗ ಅಥವಾ ಹೆಸರು ಬದಲಿಸಿದರೂ ಕೆಡಬಹುದು.

ಕಾಪಾಡಬೇಕಾದದ್ದು ಒಂದು ಚಿಕ್ಕ ಪಟ್ಟಿಯನ್ನು. ಎನ್ವಿರಾನ್‌ಮೆಂಟ್ ಆಕ್ಟಿವ್ ಇರುವಾಗ 'ಪೈಥಾನ್ -ಎಂ ಪಿಪ್ ಫ್ರೀಜ್ > ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ' ಎಂದು ಕೊಡಿ. ಯಾವ ಪ್ಯಾಕೇಜ್, ಯಾವ ವರ್ಷನ್ ಎಂಬ ವಿವರ ದಿನಸಿ ಚೀಟಿಯಂತೆ ಆ ಕಡತದಲ್ಲಿ ಬರುತ್ತದೆ. ಸ್ನೇಹಿತರು ತಮ್ಮಲ್ಲಿ ಹೊಸ ಎನ್ವಿರಾನ್‌ಮೆಂಟ್ ಮಾಡಿ 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ' ಎಂದರೆ ಅವೇ ಪ್ಯಾಕೇಜ್‌ಗಳು ಇಳಿಯುತ್ತವೆ.

ಫ್ರೀಜ್ ಪಟ್ಟಿಯಲ್ಲಿ ಪೈಥಾನ್ ವರ್ಷನ್ ಮಾತ್ರ ಬರುವುದಿಲ್ಲ. ಅದನ್ನು ರೀಡ್‌ಮಿ ಕಡತದಲ್ಲಿ ಒಂದು ಸಾಲಾಗಿ ಬರೆದಿಡಿ. ಆರು ತಿಂಗಳ ನಂತರ ಆ ಪ್ರಾಜೆಕ್ಟ್ ತೆರೆಯುವ ನಿಮಗೇ ಅದು ಉಪಕಾರ ಮಾಡುತ್ತದೆ.

ಗಿಟ್ ಬಳಸುವವರು '.ಗಿಟ್‌ಇಗ್ನೋರ್' ಕಡತಕ್ಕೆ '.ವೆನ್ವ್/' ಎಂದು ಸೇರಿಸಿ. ಪೈಥಾನ್ 3.13ರಿಂದ ವೆನ್ವ್ ತಾನೇ ತನ್ನ ಫೋಲ್ಡರ್‌ನೊಳಗೆ ಇಂಥ ಕಡತವನ್ನು ಇಡುತ್ತದೆ.

ಯುವಿ, ಕಾಂಡಾ: ಯಾರಿಗೆ ಯಾವುದು?

ಆಸ್ಟ್ರಲ್ ಎಂಬ ಸಂಸ್ಥೆ 2024ರ ಫೆಬ್ರವರಿಯಲ್ಲಿ 'ಯುವಿ' ಎಂಬ ಸಾಧನ ಬಿಡುಗಡೆ ಮಾಡಿತು. ರಸ್ಟ್ ಭಾಷೆಯಲ್ಲಿ ಬರೆದ ಇದು ಪಿಪ್‌ಗಿಂತ ಬಹಳ ವೇಗ. ಪೈಥಾನ್ ವರ್ಷನ್ ಇಳಿಸುವುದು, ಎನ್ವಿರಾನ್‌ಮೆಂಟ್ ರಚಿಸುವುದು, ಪ್ಯಾಕೇಜ್ ಹಾಕುವುದು ಎಲ್ಲವನ್ನೂ ಇದೊಂದೇ ಮಾಡುತ್ತದೆ. 'ಯುವಿ ವೆನ್ವ್ --ಪೈಥಾನ್ 3.12' ಎಂದರೆ, 3.12 ಇಲ್ಲದಿದ್ದರೂ ತಾನೇ ತಂದು ಎನ್ವಿರಾನ್‌ಮೆಂಟ್ ಸಿದ್ಧಪಡಿಸುತ್ತದೆ. ಸಿದ್ಧ ಪೈಥಾನ್ ಅನ್ನೇ ಇಳಿಸುವುದರಿಂದ ಪೈಎನ್ವ್‌ನಂತೆ ಕಂಪೈಲ್‌ಗೆ ಕಾಯಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಡೇಟಾ ಸೈನ್ಸ್ ಕಲಿಯುವವರಿಗೆ ಕಾಂಡಾ ಪರಿಚಿತ. ಪೈಥಾನ್ ಪ್ಯಾಕೇಜ್‌ಗಳ ಜೊತೆಗೆ ಅವುಗಳಿಗೆ ಬೇಕಾದ ಇತರ ಭಾಷೆಗಳ ಲೈಬ್ರರಿಗಳನ್ನೂ ನಿಭಾಯಿಸುವುದು ಇದರ ಹೆಚ್ಚುಗಾರಿಕೆ. ಕಚೇರಿಯಲ್ಲಿ ಬಳಸುವವರು ಮಾತ್ರ ಲೈಸೆನ್ಸ್ ವಿಷಯ ಗಮನಿಸಬೇಕು. ಅನಕೊಂಡ ಕಂಪನಿಯ ಡಿಫಾಲ್ಟ್ ಪ್ಯಾಕೇಜ್ ಭಂಡಾರ ವೈಯಕ್ತಿಕ ಬಳಕೆಗೆ ಉಚಿತ. 200ಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಕಂಪನಿಗಳಿಗೆ ಹಣ ಕೊಟ್ಟು ಪಡೆಯುವ ಲೈಸೆನ್ಸ್ ಬೇಕು. ಕಾಂಡಾ-ಫೋರ್ಜ್ ಎಂಬ ಸಮುದಾಯದ ಭಂಡಾರವನ್ನು ಬಳಸುವ ಮಿನಿಫೋರ್ಜ್ ಇದಕ್ಕೆ ಪರ್ಯಾಯ.

ಈಗಷ್ಟೇ ಕಲಿಯುತ್ತಿರುವವರು ವೆನ್ವ್ ಮತ್ತು ಪಿಪ್‌ನಿಂದಲೇ ಆರಂಭಿಸುವುದು ಒಳ್ಳೆಯದು. ಒಳಗೆ ಏನು ನಡೆಯುತ್ತದೆ ಎಂಬುದು ಅರ್ಥವಾದ ಮೇಲೆ ಉಳಿದವು ಸುಲಭ. ಒಂದೇ ಎನ್ವಿರಾನ್‌ಮೆಂಟ್‌ನಲ್ಲಿ ಎರಡು ಮೂರು ಸಾಧನ ಬೆರೆಸುವುದು ಬೇಡ.

ವಿಎಸ್ ಕೋಡ್, ಜುಪಿಟರ್‌ಗೂ ತಿಳಿಸಬೇಕು

ಟರ್ಮಿನಲ್‌ನಲ್ಲಿ ಎಲ್ಲ ಸರಿಯಿದ್ದು ಎಡಿಟರ್‌ನಲ್ಲಿ ಮಾತ್ರ ಎರರ್ ಬಂದರೆ, ಎಡಿಟರ್ ಬೇರೆ ಪೈಥಾನ್ ಬಳಸುತ್ತಿದೆ ಎಂದರ್ಥ. ವಿಎಸ್ ಕೋಡ್‌ನಲ್ಲಿ ಕಮಾಂಡ್ ಪ್ಯಾಲೆಟ್ ತೆರೆದು 'ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್' ಆರಿಸಿ, ಪಟ್ಟಿಯಲ್ಲಿ '.ವೆನ್ವ್' ಇರುವುದನ್ನು ಒತ್ತಿ.

ಜುಪಿಟರ್ ನೋಟ್‌ಬುಕ್‌ಗಾದರೆ ಎನ್ವಿರಾನ್‌ಮೆಂಟ್‌ನೊಳಗೆ 'ಐಪೈಕರ್ನಲ್' ಪ್ಯಾಕೇಜ್ ಹಾಕಿ, ನೋಟ್‌ಬುಕ್‌ನಲ್ಲಿ ಅದೇ ಕರ್ನಲ್ ಆರಿಸಬೇಕು. ಅನುಮಾನವಿದ್ದರೆ ಕೋಡ್‌ನಲ್ಲಿ 'ಇಂಪೋರ್ಟ್ ಸಿಸ್' ಬರೆದು 'ಸಿಸ್.ಎಕ್ಸಿಕ್ಯೂಟಬಲ್' ಅನ್ನು ಪ್ರಿಂಟ್ ಮಾಡಿ. ಸದ್ಯ ಓಡುತ್ತಿರುವ ಪೈಥಾನ್ ಯಾವ ಫೋಲ್ಡರ್‌ನದ್ದು ಎಂಬುದು ಅಲ್ಲೇ ಗೊತ್ತಾಗುತ್ತದೆ. ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವುದನ್ನು ಈ ಎರಡು ಸಾಲು ತಪ್ಪಿಸುತ್ತವೆ.

ಹೆಚ್ಚಾಗಿ ಕಾಣುವ ಎರರ್‌ಗಳು, ಪರಿಹಾರ

- 'ಮಾಡ್ಯೂಲ್ ನಾಟ್ ಫೌಂಡ್': ಪ್ಯಾಕೇಜ್ ಒಂದು ಪೈಥಾನ್‌ಗೆ ಹೋಗಿದೆ, ಕೋಡ್ ಇನ್ನೊಂದರಲ್ಲಿ ಓಡುತ್ತಿದೆ. ಆಕ್ಟಿವೇಟ್ ಆಗಿದೆಯೇ ನೋಡಿ, ಮೇಲಿನ ಎರಡು ಸಾಲಿನ ಪರೀಕ್ಷೆ ಮಾಡಿ.

- 'ನೋ ಮ್ಯಾಚಿಂಗ್ ಡಿಸ್ಟ್ರಿಬ್ಯೂಶನ್ ಫೌಂಡ್': ಪ್ಯಾಕೇಜ್ ಹೆಸರಿನ ಕಾಗುಣಿತ ತಪ್ಪಿರಬಹುದು, ಇಲ್ಲವೇ ನಿಮ್ಮ ಪೈಥಾನ್ ವರ್ಷನ್‌ಗೆ ಆ ಪ್ಯಾಕೇಜ್ ಇಲ್ಲದಿರಬಹುದು. ಪೈಪಿಐ ಪುಟದಲ್ಲಿ ಯಾವ ಪೈಥಾನ್ ಬೇಕೆಂಬ ವಿವರ ಇರುತ್ತದೆ.

- ಪವರ್‌ಶೆಲ್‌ನಲ್ಲಿ 'ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ': ಇದು ವಿಂಡೋಸ್‌ನ ಭದ್ರತಾ ನೀತಿ. ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲಿ ಆಕ್ಟಿವೇಟ್ ಮಾಡಿದರೆ ಸಮಸ್ಯೆ ಇರುವುದಿಲ್ಲ. ಸ್ವಂತ ಕಂಪ್ಯೂಟರ್ ಆದರೆ 'ಸೆಟ್-ಎಕ್ಸಿಕ್ಯೂಶನ್‌ಪಾಲಿಸಿ ರಿಮೋಟ್‌ಸೈನ್ಡ್ -ಸ್ಕೋಪ್ ಕರೆಂಟ್‌ಯೂಸರ್' ಎಂದು ಕೊಟ್ಟು ನಿಮ್ಮ ಖಾತೆಗೆ ಮಾತ್ರ ಅನುಮತಿ ಕೊಡಬಹುದು. ಕಚೇರಿಯ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗವನ್ನು ಕೇಳದೆ ಬದಲಿಸಬೇಡಿ.

- ಏನು ಮಾಡಿದರೂ ಸರಿಯಾಗುತ್ತಿಲ್ಲ: ರಿಕ್ವೈರ್‌ಮೆಂಟ್ಸ್ ಕಡತ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ನಿಮ್ಮ ಕೋಡ್ '.ವೆನ್ವ್' ಫೋಲ್ಡರ್‌ನ ಹೊರಗಿದೆಯೇ ಎಂದೂ ನೋಡಿ. ನಂತರ '.ವೆನ್ವ್' ಅನ್ನು ಪೂರ್ತಿ ಅಳಿಸಿ, ಎರಡನೇ ಹೆಜ್ಜೆಯಿಂದ ಮತ್ತೆ ಶುರು ಮಾಡಿ. ಬಹಳಷ್ಟು ಸಲ ದುರಸ್ತಿಗಿಂತ ಇದೇ ಬೇಗ ಮುಗಿಯುತ್ತದೆ.

ಕೊನೆಯದಾಗಿ ನೆನಪಿಡಿ

ಎನ್ವಿರಾನ್‌ಮೆಂಟ್ ಎಂದರೆ ಮುರಿದರೆ ಎಸೆದು ಮತ್ತೆ ಮಾಡಿಕೊಳ್ಳಬಹುದಾದ ವಸ್ತು. ಸಿಸ್ಟಂ ಪೈಥಾನ್ ಹಾಗಲ್ಲ, ಅದು ಕೆಟ್ಟರೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವವರೆಗೂ ಹೋಗಬಹುದು, ಅದರಲ್ಲಿದ್ದ ಪ್ರಾಜೆಕ್ಟ್ ವರದಿ, ಫೋಟೋಗಳಿಗೂ ಸಂಚಕಾರ ಬರಬಹುದು. ಆದ್ದರಿಂದ ಪ್ರಯೋಗಗಳೆಲ್ಲ '.ವೆನ್ವ್' ಒಳಗೇ ನಡೆಯಲಿ.

ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ಇದಕ್ಕೆ ತಗಲುವುದು ಎರಡು ಮೂರು ನಿಮಿಷ. ಕೋಡ್‌ನ ಮೊದಲ ಸಾಲು ಬರೆಯುವ ಮೊದಲೇ ಇದನ್ನು ಮಾಡಿಬಿಟ್ಟರೆ, ಡೆಮೊ ಹಿಂದಿನ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು.